ಮಹಡಿಯ ಮೇಲೆ ಸಿಗುತ್ತದೆ, ಕೆಳಗೆ ಸಿಗುವುದಿಲ್ಲ: ಒಂದು ಮನೆಯ ಪ್ರಿಂಟರ್ ಪ್ರಕರಣ

ಮೈಸೂರಿನ ಒಂದು ಎರಡಂತಸ್ತಿನ ಮನೆ. ಕೆಳಗೆ ರಸ್ತೆ ಕಡೆಯ ಕೋಣೆಯಲ್ಲಿ ಮನೆಯ ಸೊಸೆ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ನೋಡುತ್ತಾರೆ. ಮಹಡಿಯ ಮೇಲೆ ನಿವೃತ್ತರಾದ ಮಾವನವರ ಕೋಣೆ. ಪ್ರಿಂಟರ್ ಇರುವುದೂ ಅಲ್ಲೇ, ಯಾಕೆಂದರೆ ಕೆಳಗಿನ ಮೇಜಿನ ಮೇಲೆ ಫೈಲುಗಳಿಗೇ ಜಾಗ ಸಾಲದು. ಮನೆಯವರ ಗುರುತು ಸಿಗದಂತೆ ಕೆಲವು ವಿವರ ಬಿಟ್ಟಿದೆ. ಯಂತ್ರಗಳ ಕಂಪನಿ ಹೆಸರೂ ಇಲ್ಲಿಲ್ಲ. ತೊಂದರೆಯ ಬೇರು ಯಾವ ಕಂಪನಿಯಲ್ಲೂ ಇರಲಿಲ್ಲ.

ಪ್ರಿಂಟರ್ ಕಪ್ಪು ಬಿಳುಪಿನ ಲೇಸರ್, ಸ್ಕ್ಯಾನರ್ ಕೂಡ ಉಂಟು. ವೈಫೈ ಇದೆ, ಆದರೆ 2.4 ಗಿಗಾಹರ್ಟ್ಜ್ ಮಾತ್ರ. ಸೊಸೆಯವರ ಕೆಲಸದ ಲ್ಯಾಪ್‌ಟಾಪ್ ಮತ್ತು ಮಗಳ ಲ್ಯಾಪ್‌ಟಾಪ್, ಎರಡರಲ್ಲೂ ವಿಂಡೋಸ್ 11. ಮಾವನವರದು ಹಳೇ ಡೆಸ್ಕ್‌ಟಾಪ್, ವೈಫೈ ಇಲ್ಲ, ರೂಟರ್‌ಗೆ ತಂತಿಯಲ್ಲಿ ಜೋಡಿಸಿದ್ದು. ನಾಲ್ಕು ವರ್ಷ ಇವೆಲ್ಲ ಮಹಡಿಯ ಮೇಲಿನ ಒಂದೇ ರೂಟರ್‌ನಲ್ಲಿ ತಕರಾರಿಲ್ಲದೆ ನಡೆದಿದ್ದವು.

ಆಮೇಲೆ ಫೈಬರ್ ಸಂಪರ್ಕ ಬಂತು. ಫೈಬರ್ ಮೋಡೆಮ್ ಕೆಳಗಿನ ಹಾಲ್‌ನಲ್ಲಿ ಕೂತಿತು. ಅದಕ್ಕೂ ತನ್ನದೇ ವೈಫೈ ಇತ್ತು. ಮಹಡಿಗೆ ಸಿಗ್ನಲ್ ಸಾಲದೆಂದು, ಜೋಡಿಸಲು ಬಂದ ಹುಡುಗ ಮೋಡೆಮ್‌ನಿಂದ ಒಂದು ಲ್ಯಾನ್ ತಂತಿಯನ್ನು ಮೇಲಕ್ಕೆ ಎಳೆದು ಹಳೇ ರೂಟರ್‌ನ ವ್ಯಾನ್ ಪೋರ್ಟಿಗೆ, ಅಂದರೆ ಬೇರೆ ಬಣ್ಣದ ಒಂಟಿ ರಂಧ್ರಕ್ಕೆ, ಚುಚ್ಚಿ ಹೋದ. ಇಂಟರ್ನೆಟ್ ಬಂತು, ಎಲ್ಲರಿಗೂ ಖುಷಿ. ಮುಂದಿನದೆಲ್ಲ ಶುರುವಾದದ್ದು ಆ ರಂಧ್ರದಿಂದ.

ತೊಂದರೆ ಕಾಣಿಸಿದ ಬಗೆ

ಮೊದಲ ಮೂರು ದಿನ ಏನೂ ಆಗಲಿಲ್ಲ. ಲ್ಯಾಪ್‌ಟಾಪ್‌ಗಳು ಹಳೇ ವೈಫೈ ಹೆಸರನ್ನೇ ಹಿಡಿದುಕೊಂಡಿದ್ದವು. ನಾಲ್ಕನೇ ದಿನ ಮಗಳು ಎರಡಕ್ಕೂ ಮೋಡೆಮ್‌ನ ಹೊಸ ವೈಫೈ ಪಾಸ್‌ವರ್ಡ್ ಹಾಕಿದಳು. ವೇಗ ಹೆಚ್ಚು ಬರುತ್ತಿತ್ತು. ಅಂದು ಸಂಜೆ ಕೆಲಸದ ಲ್ಯಾಪ್‌ಟಾಪ್‌ನಲ್ಲಿ ಪ್ರಿಂಟರ್ ಹೆಸರಿನ ಕೆಳಗೆ 'ಆಫ್‌ಲೈನ್' ಎಂದು ಬಂತು. ತಿಂಗಳ 14ನೇ ತಾರೀಕು, ಜಿಎಸ್‌ಟಿಯ ಮೂರು-ಬಿ ರಿಟರ್ನ್ ಗಡುವಿಗೆ ಇನ್ನು ಆರೇ ದಿನ.

ಎರಡು ಘಟನೆಗಳ ನಡುವೆ ಮೂರು ದಿನ ಕಳೆದಿದ್ದರಿಂದ, ಫೈಬರ್ ಬಂದದ್ದಕ್ಕೂ ಪ್ರಿಂಟರ್ ಹೋದದ್ದಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯಲಿಲ್ಲ. ದಾರಿ ತಪ್ಪಿಸಲು ಇನ್ನೂ ಒಂದು ಸೇರಿಕೊಂಡಿತು. ಲ್ಯಾಪ್‌ಟಾಪನ್ನು ಮಹಡಿಗೆ ಒಯ್ದರೆ ಒಮ್ಮೊಮ್ಮೆ ಪ್ರಿಂಟ್ ಆಗಿಬಿಡುತ್ತಿತ್ತು. ಕೆಳಗಿನ ಸಿಗ್ನಲ್ ಕ್ಷೀಣವಾದಾಗ ಲ್ಯಾಪ್‌ಟಾಪ್ ನೆನಪಿನಲ್ಲಿದ್ದ ಹಳೇ ವೈಫೈಗೆ ತಾನಾಗಿ ಹಾರುತ್ತಿತ್ತು, ಅಷ್ಟೆ. ನೋಡಿದವರಿಗೆ ಮಾತ್ರ ಪ್ರಿಂಟರ್‌ಗೆ ತಲೆ ಕೆಟ್ಟಂತೆ ಕಂಡಿತು.

ಇಡೀ ಪ್ರಕರಣದ ಕೀಲಿಕೈಯಂಥ ಮಾತನ್ನು ಮಾವನವರು ಎರಡನೇ ದಿನವೇ ಆಡಿದ್ದರು: "ನನ್ನ ಕಂಪ್ಯೂಟರಿಂದ ಬರ್ತಿದೆಯಲ್ಲಮ್ಮಾ, ಪ್ರಿಂಟರ್ ಏನೂ ಕೆಟ್ಟಿಲ್ಲ." ಗಡಿಬಿಡಿಯಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಒಂದು ಯಂತ್ರದಿಂದ ಆಗುತ್ತದೆ, ಇನ್ನೊಂದರಿಂದ ಆಗುವುದಿಲ್ಲ ಎಂದಾಗ ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಬೇಕು. ಇಲ್ಲಿ ಕೇಳಿದ್ದರೆ ಹತ್ತು ನಿಮಿಷದ ಕೆಲಸ.

ನಾಲ್ಕು ದಿನ ಮಾಡಿದ್ದು

ಮೊದಲು ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿದರು. ಪ್ರಯೋಜನವಾಗಲಿಲ್ಲ. ಆಮೇಲೆ ಮಗಳ ಲ್ಯಾಪ್‌ಟಾಪ್ ಮುಟ್ಟದೆ, ಕೆಲಸದ ಲ್ಯಾಪ್‌ಟಾಪ್‌ನಿಂದ ಡ್ರೈವರ್, ಅಂದರೆ ಪ್ರಿಂಟರ್ ನಡೆಸುವ ತಂತ್ರಾಂಶ, ತೆಗೆದು ಮತ್ತೆ ಹಾಕಿದರು, ಮೂರು ಸಲ. ಕಾಣದ ಪ್ರಿಂಟರ್ ಡ್ರೈವರ್‌ಗೂ ಕಾಣುವುದಿಲ್ಲ. ಮೂರು ಸಲವೂ 'ಪ್ರಿಂಟರ್ ಹುಡುಕಲಾಗುತ್ತಿದೆ' ಎಂಬಲ್ಲೇ ನಿಂತಿತು. ಸಾಲದ್ದಕ್ಕೆ ಇದ್ದ ಹಳೇ ಪ್ರಿಂಟರ್ ಹೆಸರೂ ಅಳಿಸಿಹೋಯಿತು.

17ರಂದು ಯಾರೋ ಹೇಳಿದರೆಂದು ಪ್ರಿಂಟರನ್ನೇ ಫ್ಯಾಕ್ಟರಿ ರೀಸೆಟ್ ಮಾಡಿದರು. ಅದರ ಹೊಟ್ಟೆಯಲ್ಲಿದ್ದ ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಹೋದವು. ಅಲ್ಲಿಯವರೆಗೆ ಕೆಲಸ ಮಾಡುತ್ತಿದ್ದ ಮಾವನವರ ಕಂಪ್ಯೂಟರಿನಿಂದಲೂ ಪ್ರಿಂಟ್ ನಿಂತಿತು. ರೀಸೆಟ್ ಕೊನೆಯ ಅಸ್ತ್ರ. ಅದನ್ನು ಬಿಡುವ ಮುಂಚೆ ಪ್ರಿಂಟರಿನ ನೆಟ್‌ವರ್ಕ್ ಹಾಳೆಯನ್ನಾದರೂ ಮುದ್ರಿಸಿ ಇಟ್ಟುಕೊಳ್ಳಬೇಕು.

ರೀಸೆಟ್ ಆದ ಪ್ರಿಂಟರನ್ನು ಹೊಸ ವೈಫೈಗೆ ಸೇರಿಸಲು ನೋಡಿದರು. ಲ್ಯಾಪ್‌ಟಾಪ್‌ಗಳು ಬಳಸುತ್ತಿದ್ದ 5 ಗಿಗಾಹರ್ಟ್ಜ್ ಹೆಸರು ಪ್ರಿಂಟರಿನ ಪಟ್ಟಿಯಲ್ಲಿ ಬರಲೇ ಇಲ್ಲ. ಅದರ ರೇಡಿಯೊಗೆ ಆ ಅಲೆ ಕೇಳಿಸುವುದೇ ಇಲ್ಲ. 2.4ರ ಹೆಸರೇನೋ ಬಂತು. ಆದರೆ ಸೇರಿದ ಎರಡು ನಿಮಿಷಕ್ಕೆ ಕಳಚಿಕೊಂಡಿತು. ಅಂಗಡಿಗೆ ಫೋನ್ ಮಾಡಿದಾಗ "ವೈಫೈ ಕಾರ್ಡ್ ಹೋಗಿರಬೇಕು, ಹೊಸ ಪ್ರಿಂಟರ್ ತಗೊಳ್ಳಿ" ಎಂಬ ಉತ್ತರ ಬಂತು. ಕಡೆಗೆ ಮಗಳು ಹಳೇ ರೂಟರ್‌ನ ಡಬ್ಲ್ಯುಪಿಎಸ್ ಗುಂಡಿ (ಪಾಸ್‌ವರ್ಡ್ ಬರೆಯದೆ ಯಂತ್ರವನ್ನು ವೈಫೈಗೆ ಸೇರಿಸುವಂಥದು) ಒತ್ತಿ ಪ್ರಿಂಟರನ್ನು ಹಳೇ ವೈಫೈಗೇ ಮತ್ತೆ ಸೇರಿಸಿದಳು. ಮಾವನವರ ಕಂಪ್ಯೂಟರ್ ಸರಿಹೋಯಿತು. ಕೆಳಗಿನ ಎರಡೂ ಹಾಗೇ ಉಳಿದವು.

ಎದುರುಬದುರು ಇಟ್ಟ ಎರಡು ಸಂಖ್ಯೆ

18ರಂದು ನೋಡಲು ಬಂದವರು ಲ್ಯಾಪ್‌ಟಾಪ್ ಮುಟ್ಟುವ ಮೊದಲು ಪ್ರಿಂಟರಿನ ಮೆನುವಿನಿಂದ ನೆಟ್‌ವರ್ಕ್ ವರದಿಯ ಹಾಳೆ ತೆಗೆದರು. ಪರದೆ ಇಲ್ಲದ ಪ್ರಿಂಟರುಗಳಲ್ಲಿ ವೈಫೈ ಗುಂಡಿ ಅಥವಾ ಗೋ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಇಂಥ ಹಾಳೆ ಬರುತ್ತದೆ. ಯಾವ ಗುಂಡಿ, ಎಷ್ಟು ಹೊತ್ತು ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಹಾಳೆಯಲ್ಲಿ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಯಂತ್ರದ ಸಂಖ್ಯೆ) 192.168.0.104, ಗೇಟ್‌ವೇ (ಹೊರಹೋಗುವ ಬಾಗಿಲು, ಅಂದರೆ ರೂಟರ್) 192.168.0.1 ಎಂದಿತ್ತು.

ಕೆಳಗೆ ಕೆಲಸದ ಲ್ಯಾಪ್‌ಟಾಪ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ವಿಳಾಸ ತೋರಿಸುವ ಐಪಿಕಾನ್ಫಿಗ್ ಆಜ್ಞೆ ಕೊಟ್ಟಾಗ ಬಂದದ್ದು 192.168.1.7, ಗೇಟ್‌ವೇ 192.168.1.1.

ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ ನೋಡಿ: ಒಂದರಲ್ಲಿ ಸೊನ್ನೆ, ಇನ್ನೊಂದರಲ್ಲಿ ಒಂದು. ಮನೆ ಒಂದೇ ಆದರೂ ನೆಟ್‌ವರ್ಕ್ ಎರಡು. ಮಾವನವರ ಕಂಪ್ಯೂಟರಿನಿಂದ ಇಂಟರ್ನೆಟ್‌ಗೆ ಹೋಗುವ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ತೋರಿಸುವ ಟ್ರೇಸರ್ಟ್ ಆಜ್ಞೆ ಓಡಿಸಿದಾಗ ಮೊದಲ ಹೆಜ್ಜೆ 192.168.0.1, ಎರಡನೆಯದು 192.168.1.1 ಎಂದು ಬಂತು. ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ.

ವ್ಯಾನ್ ಪೋರ್ಟಿಗೆ ತಂತಿ ಹಾಕಿದರೆ ಹಳೇ ರೂಟರ್ ಮೋಡೆಮನ್ನು 'ಹೊರಗಿನ ಇಂಟರ್ನೆಟ್' ಎಂದೇ ಭಾವಿಸಿ, ತನ್ನ ಹಿಂದೆ ಇರುವವರಿಗೆಲ್ಲ ಬೇರೆ ವಿಳಾಸ ಹಂಚಿ ಬಾಗಿಲು ಹಾಕಿಕೊಳ್ಳುತ್ತದೆ. ಹಳೇ ಮನೆಗಳ ಪಡಸಾಲೆ, ಒಳಮನೆ ಇದ್ದಂತೆ. ಒಳಮನೆಯವರು ಪಡಸಾಲೆ ದಾಟಿ ಬೀದಿಗೆ ಹೋಗಿ ಬರಬಹುದು, ಹಾಗಾಗಿ ಮೇಲಿನ ಕಂಪ್ಯೂಟರಿಗೆ ಇಂಟರ್ನೆಟ್‌ಗೆ ಕೊರತೆಯಿಲ್ಲ. ಪಡಸಾಲೆಯಲ್ಲಿ ಕೂತವರಿಗೆ ಮಾತ್ರ ಒಳಗೆ ಯಾರಿದ್ದಾರೆ ಎಂದು ಕಾಣದು. ಪ್ರಿಂಟರ್ ಒಳಮನೆಯಲ್ಲಿತ್ತು, ಲ್ಯಾಪ್‌ಟಾಪ್‌ಗಳು ಪಡಸಾಲೆಯಲ್ಲಿದ್ದವು.

'ಹುಡುಕು' ಗುಂಡಿ ಸೋತದ್ದಕ್ಕೂ ಇದೇ ಕಾರಣ. ಕಂಪ್ಯೂಟರ್ ಪ್ರಿಂಟರನ್ನು ಹುಡುಕುವುದೆಂದರೆ ನೆಟ್‌ವರ್ಕ್ ಒಳಗೆ ಒಂದು ಕೂಗು ಹಾಕುವುದು. ಕೂಗುವ ಬಗೆ ಎಂಡಿಎನ್‌ಎಸ್ ಆದರೆ 224.0.0.251 ವಿಳಾಸಕ್ಕೆ 5353ನೇ ಪೋರ್ಟಿನಲ್ಲಿ (ಈ ಪೋರ್ಟ್ ತಂತಿಯ ರಂಧ್ರವಲ್ಲ, ಸಂದೇಶ ಹೋಗುವ ಬಾಗಿಲಿನ ಸಂಖ್ಯೆ), ವಿಂಡೋಸ್‌ನ ಡಬ್ಲ್ಯುಎಸ್‌ಡಿ ಆದರೆ 239.255.255.250ಕ್ಕೆ 3702ರಲ್ಲಿ. ಮನೆಯ ರೂಟರುಗಳು ಈ ಕೂಗನ್ನು ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟಿಸುವುದಿಲ್ಲ.

ಪಿಂಗ್ ಮಾಡಿದಾಗ, ಅಂದರೆ ಒಂದು ವಿಳಾಸಕ್ಕೆ 'ಇದ್ದೀಯಾ?' ಎಂದು ಕೇಳಿದಾಗ, ಬರುವ ಉತ್ತರದ ಮಾತನ್ನೂ ಗಮನಿಸಬೇಕು. ಹೆಚ್ಚಿನವರು 'ಬರಲಿಲ್ಲ' ಎಂದಷ್ಟೇ ಓದಿ ಬಿಡುತ್ತಾರೆ. ಲ್ಯಾಪ್‌ಟಾಪ್‌ನಿಂದ 192.168.0.104ಕ್ಕೆ ಪಿಂಗ್ ಮಾಡಿದಾಗ 'ರಿಕ್ವೆಸ್ಟ್ ಟೈಮ್ಡ್ ಔಟ್' ಎಂದು ಬಂತು: ಪ್ರಶ್ನೆ ಗೇಟ್‌ವೇ ದಾಟಿ ಎಲ್ಲೋ ಹೋಗಿ ಕಳೆದುಹೋಯಿತು. ಅದೇ ನೆಟ್‌ವರ್ಕಿನಲ್ಲಿದ್ದು ಪ್ರಿಂಟರ್ ಆಫ್ ಆಗಿದ್ದರೆ ಸಾಮಾನ್ಯವಾಗಿ ಲ್ಯಾಪ್‌ಟಾಪ್ ತನ್ನದೇ ವಿಳಾಸದಿಂದ 'ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್' ಎನ್ನುತ್ತದೆ.

ಯಾವ ದಾರಿ?

ದಾರಿಗಳು ನಾಲ್ಕೈದು ಇದ್ದವು. ಲ್ಯಾಪ್‌ಟಾಪ್‌ಗಳನ್ನು ಹಳೇ ವೈಫೈಗೆ ಹಿಂದಿರುಗಿಸುವುದು ಎಲ್ಲಕ್ಕಿಂತ ಸುಲಭ. ಆದರೆ ಫೈಬರ್ ಹಾಕಿಸಿದ್ದೇ ವೇಗಕ್ಕೆ, ಮತ್ತು ಕೆಳಗಿನ ಕೋಣೆಗೆ ಹಳೇ ರೂಟರ್‌ನ ಸಿಗ್ನಲ್ ಎಂದೂ ಚೆನ್ನಾಗಿರಲಿಲ್ಲ. ಪ್ರಿಂಟರನ್ನು ಹೊಸ ವೈಫೈಗೆ ಸೇರಿಸುವುದು ಇನ್ನೊಂದು ದಾರಿ. ಫೋನಿನಲ್ಲಿ ಸಿಗ್ನಲ್ ಅಳೆದಾಗ ಪ್ರಿಂಟರಿನ ಪಕ್ಕ ಮೋಡೆಮ್‌ನ ಬಲ ಮೈನಸ್ 79 ಡಿಬಿಎಂ, ಹಳೇ ರೂಟರ್‌ನದು ಮೈನಸ್ 41. ಈ ಅಳತೆಯಲ್ಲಿ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲ ಹೆಚ್ಚು. ಮೈನಸ್ 70ಕ್ಕಿಂತ ಕೆಳಗಿಳಿದರೆ ವೈಫೈ ತಡವರಿಸತೊಡಗುತ್ತದೆ. ಹಿಂದಿನ ದಿನ ಪ್ರಿಂಟರ್ ಎರಡು ನಿಮಿಷಕ್ಕೆ ಕಳಚಿಕೊಂಡದ್ದು ಇದರಿಂದ. ವೈಫೈ ಕಾರ್ಡ್ ಹೋಗಿರಲಿಲ್ಲ.

ಹಳೇ ರೂಟರ್‌ನಲ್ಲಿ ಪ್ರಿಂಟ್ ಹೋಗುವ 9100ನೇ ಪೋರ್ಟನ್ನು ಪ್ರಿಂಟರಿಗೆ ತಿರುಗಿಸುವ ಜಾಣತನವೂ ಸಾಧ್ಯವಿತ್ತು. ಪ್ರಿಂಟ್ ಆಗುತ್ತಿತ್ತು, ಸ್ಕ್ಯಾನ್ ಆಗುತ್ತಿರಲಿಲ್ಲ, ಫೋನಿಗೆ ಪ್ರಿಂಟರ್ ಕಾಣುತ್ತಿರಲಿಲ್ಲ. ಆರು ತಿಂಗಳ ಮೇಲೆ ಹೀಗೇಕೆ ಮಾಡಿದ್ದೆಂದು ನೆನಪಿಟ್ಟುಕೊಳ್ಳುವವರೂ ಇರುತ್ತಿರಲಿಲ್ಲ.

ಆರಿಸಿದ್ದು ಎರಡು ನೆಟ್‌ವರ್ಕನ್ನು ಒಂದು ಮಾಡುವ ದಾರಿ: ಹಳೇ ರೂಟರ್ ಇನ್ನು ಮೇಲೆ ವಿಳಾಸ ಹಂಚಬಾರದು, ಬರೀ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಆಗಿರಬೇಕು. ಅನೇಕ ಹೊಸ ರೂಟರುಗಳ ಮೆನುವಿನಲ್ಲಿ 'ಆಕ್ಸೆಸ್ ಪಾಯಿಂಟ್ ಮೋಡ್' ಎಂದೇ ಇರುತ್ತದೆ, ಒಂದು ಆಯ್ಕೆಯಲ್ಲಿ ಮುಗಿಯುತ್ತದೆ. ಇದರಲ್ಲಿ ಇರಲಿಲ್ಲವಾದ್ದರಿಂದ ಕೈಯಾರೆ ಮಾಡಬೇಕಾಯಿತು. ಇಲ್ಲಿ ಕ್ರಮ ಮುಖ್ಯ.

ಮೊದಲು ವ್ಯಾನ್ ಪೋರ್ಟಿನ ತಂತಿ ಕಿತ್ತರು. ಅದು ಇದ್ದಂತೆಯೇ ಒಳಗಿನ ವಿಳಾಸವನ್ನೂ 192.168.1ರ ಸಾಲಿಗೆ ತಂದರೆ, ಒಳಗೂ ಹೊರಗೂ ಒಂದೇ ಸಾಲು ಎಂದು ಅನೇಕ ರೂಟರುಗಳು ಒಪ್ಪುವುದಿಲ್ಲ. ಆಮೇಲೆ ಮಾವನವರ ಕಂಪ್ಯೂಟರಿನ ಬ್ರೌಸರ್‌ನಲ್ಲಿ 192.168.0.1 ತೆರೆದು, ಲ್ಯಾನ್ ವಿಳಾಸವನ್ನು 192.168.1.2 ಎಂದು ಬದಲಿಸಿದರು. ರೂಟರ್ ಮರುಚಾಲನೆಯಾಗಿ ಬಂದ ಮೇಲೆ ಹೊಸ ವಿಳಾಸದಲ್ಲಿ ಒಳಹೊಕ್ಕು ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಆಫ್ ಮಾಡಿದರು. ಕಡೆಗೆ ಕೆಳಗಿನಿಂದ ಬಂದ ತಂತಿಯನ್ನು ಸಾಲಾಗಿರುವ ಲ್ಯಾನ್ ರಂಧ್ರಗಳಲ್ಲೊಂದಕ್ಕೆ ಹಾಕಿದರು. ವ್ಯಾನ್ ಖಾಲಿ, ಮತ್ತೆ ಯಾರೂ ಚುಚ್ಚದಿರಲೆಂದು ಅದರ ಮೇಲೊಂದು ತುಂಡು ಇನ್ಸುಲೇಷನ್ ಟೇಪ್.

ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಒಂದೇ ನೆಟ್‌ವರ್ಕಿನಲ್ಲಿ ಇಬ್ಬರು ವಿಳಾಸ ಹಂಚುತ್ತಾರೆ. ಯಾರ ಉತ್ತರ ಮೊದಲು ಬಂತೋ ಆ ವಿಳಾಸ, ಆ ಗೇಟ್‌ವೇ. ಆಗ ಮನೆಯಲ್ಲಿ ಅರ್ಧ ಯಂತ್ರಗಳಿಗೆ ಇಂಟರ್ನೆಟ್ ಇದ್ದು ಅರ್ಧಕ್ಕೆ ಇಲ್ಲದಂತಾಗುತ್ತದೆ, ಯಾವ ಅರ್ಧ ಎಂಬುದು ದಿನಕ್ಕೊಂದು ಬಗೆ.

ಹಳೇ ರೂಟರ್‌ನ ವೈಫೈ ಹೆಸರು, ಪಾಸ್‌ವರ್ಡ್ ಮುಟ್ಟಲಿಲ್ಲ. ಹಾಗಾಗಿ ಪ್ರಿಂಟರಿಗೆ ಹೊಸದಾಗಿ ಏನನ್ನೂ ಹೇಳಿಕೊಡಬೇಕಾಗಲಿಲ್ಲ. ಆಫ್ ಮಾಡಿ ಆನ್ ಮಾಡಿದಾಗ ಮೋಡೆಮ್‌ನಿಂದಲೇ ವಿಳಾಸ ಪಡೆಯಿತು. ಮೋಡೆಮ್‌ನ ಸೆಟ್ಟಿಂಗಿನಲ್ಲಿ ವಿಳಾಸ ಹಂಚುವ ವ್ಯಾಪ್ತಿಯನ್ನು 192.168.1.20ರಿಂದ 192.168.1.200ರವರೆಗೆ ಮಾತ್ರ ಎಂದು ಮಾಡಿದರು, ಹಳೇ ರೂಟರ್‌ನ 2 ಬೇರೆ ಯಾರಿಗೂ ಹೋಗದಿರಲೆಂದು. ಹಾಳೆಯಲ್ಲಿದ್ದ ಮ್ಯಾಕ್ ವಿಳಾಸ (ಯಂತ್ರಕ್ಕೆ ತಯಾರಾಗುವಾಗಲೇ ಕೊಟ್ಟ ಗುರುತು ಸಂಖ್ಯೆ) ನೋಡಿ ಪ್ರಿಂಟರಿಗೆ 192.168.1.50 ಕಾಯ್ದಿರಿಸಿದರು. ಎರಡು ವೈಫೈ ಒಂದರ ಮೇಲೊಂದು ಬೀಳದಂತೆ 2.4ರಲ್ಲಿ ಮೋಡೆಮ್‌ಗೆ 1ನೇ ಚಾನೆಲ್, ಹಳೇ ರೂಟರ್‌ಗೆ 11.

ಮಗಳ ಲ್ಯಾಪ್‌ಟಾಪ್ ಇನ್ನೂ ಆಫ್‌ಲೈನ್

ಕೆಲಸದ ಲ್ಯಾಪ್‌ಟಾಪ್‌ನಲ್ಲಿ ಪ್ರಿಂಟರ್ ಸೇರಿಸು ಎಂದ ಕೂಡಲೇ ಹೆಸರು ಕಾಣಿಸಿತು. ಫೋನಿಗೂ ಕಂಡಿತು. ಮಗಳದರಲ್ಲಿ ಮಾತ್ರ ಆಫ್‌ಲೈನ್. ಪಿಂಗ್ ಮಾಡಿದರೆ 192.168.1.50 ಉತ್ತರಿಸುತ್ತಿದೆ! ತಲುಪುತ್ತದೆ, ಆದರೂ ವಿಂಡೋಸ್ ಇಲ್ಲ ಎನ್ನುತ್ತದೆ.

ಇಲ್ಲಿಂದಾಚೆಗಿನದು ನೆಟ್‌ವರ್ಕಿನ ದೋಷವಲ್ಲ, ವಿಂಡೋಸ್‌ನ ನೆನಪಿನ ದೋಷ. ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಪುಟ ತೆರೆದಾಗ ಅದು ನಾಲ್ಕು ವರ್ಷದ ಹಿಂದಿನ 192.168.0.104ನ್ನೇ ಹಿಡಿದುಕೊಂಡಿತ್ತು. ಆ್ಯಡ್ ಪೋರ್ಟ್, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್, ವಿಳಾಸ 192.168.1.50, ಬಗೆ ರಾ, ಸಂಖ್ಯೆ 9100. ಅದೇ ಕಿಟಕಿಯ ಕಾನ್ಫಿಗರ್ ಪೋರ್ಟ್‌ನಲ್ಲಿ 'ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್' ಎಂಬ ಗುರುತನ್ನೂ ತೆಗೆದರು. ವಿಂಡೋಸ್ ಆ ದಾರಿಯಲ್ಲಿ ಪ್ರಿಂಟರಿನ ಯೋಗಕ್ಷೇಮ ವಿಚಾರಿಸುತ್ತಿರುತ್ತದೆ. ನಿದ್ದೆಯಲ್ಲಿರುವ ಪ್ರಿಂಟರ್ ಬೇಗ ಓಗೊಡದಿದ್ದರೆ, ಪ್ರಿಂಟ್ ಹೋಗುವ ದಾರಿ ಚೆನ್ನಾಗಿದ್ದರೂ ಆಫ್‌ಲೈನ್ ಎಂದುಬಿಡುತ್ತದೆ. ಗುರುತು ತೆಗೆದದ್ದಕ್ಕೆ ತೆರಬೇಕಾದ ಬೆಲೆಯೂ ಇದೆ: ಕಾಗದ ಮುಗಿದಿದೆ, ಟೋನರ್ ಕಡಿಮೆ ಎಂಬ ಸೂಚನೆ ಆ ಲ್ಯಾಪ್‌ಟಾಪ್‌ಗೆ ಇನ್ನು ಬರಲಿಕ್ಕಿಲ್ಲ.

ಹೊಸ ವೈಫೈ ಸೇರಿದಾಗ ವಿಂಡೋಸ್ ಅದನ್ನು 'ಪಬ್ಲಿಕ್' ಎಂದು ಬರೆದುಕೊಂಡಿತ್ತು. ಪಬ್ಲಿಕ್ ಇದ್ದರೆ ನೆಟ್‌ವರ್ಕ್ ಡಿಸ್ಕವರಿ ಮುಚ್ಚಿರುತ್ತದೆ, ಹುಡುಕಾಟಕ್ಕೆ ಅಡ್ಡಿ. ಮನೆಯ ವೈಫೈ ಆದ್ದರಿಂದ 'ಪ್ರೈವೇಟ್' ಮಾಡಿದರು. ವಿಳಾಸ ಕೊಟ್ಟು ನೇರವಾಗಿ ಕಳಿಸುವ ಪ್ರಿಂಟಿಗೆ ಇದು ಬೇಕಾಗಿರಲಿಲ್ಲ.

ಆಗ ಪ್ರಿಂಟರ್ ತಾನಾಗಿ ಹಾಳೆ ಉಗುಳಲು ಶುರು ಮಾಡಿತು. ಮಗಳು ನಾಲ್ಕು ದಿನದಿಂದ ಒತ್ತಿದ ಒಂದೊಂದು 'ಪ್ರಿಂಟ್' ಕೂಡ ಸಾಲಿನಲ್ಲಿ ಕಾಯುತ್ತಿತ್ತು; ಒಂದೇ ಪ್ರಾಜೆಕ್ಟ್ ವರದಿಯ ಆರು ಪ್ರತಿ. ಪೋರ್ಟ್ ಬದಲಿಸುವ ಮುಂಚೆಯೇ ಸಾಲನ್ನು ಬರಿದು ಮಾಡಬೇಕಿತ್ತು. ಕ್ಯಾನ್ಸಲ್ ಒತ್ತಿದರೂ ಹೋಗದಿದ್ದರೆ, ಸರ್ವೀಸಸ್ ಕಿಟಕಿಯಲ್ಲಿ ಈ ಸಾಲನ್ನು ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32ರಲ್ಲಿರುವ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರ್‌ನ ಕಡತಗಳನ್ನಷ್ಟೇ ಅಳಿಸಿ (ಫೋಲ್ಡರನ್ನಲ್ಲ), ಸ್ಪೂಲರನ್ನು ಮತ್ತೆ ಶುರು ಮಾಡಬೇಕು.

ಸ್ಕ್ಯಾನಿಂಗ್ ಬೇರೆ ವಿಷಯ. ಟಿಸಿಪಿ/ಐಪಿ ಪೋರ್ಟ್ ಮುದ್ರಣಕ್ಕಷ್ಟೇ. ಸ್ಕ್ಯಾನ್ ಮಾಡಲು ಪ್ರಿಂಟರ್ ತಯಾರಕರ ತಂತ್ರಾಂಶದಲ್ಲಿ ಅದೇ 192.168.1.50ನ್ನು ಪ್ರತ್ಯೇಕವಾಗಿ ಕೊಟ್ಟರು. 19ರ ಬೆಳಗ್ಗೆ ಚಲನ್ ಪ್ರತಿಗಳು ಕೆಳಗಿನ ಕೋಣೆಯ ಲ್ಯಾಪ್‌ಟಾಪ್‌ನಿಂದಲೇ ಹೊರಬಿದ್ದವು.

ಕರೆಂಟ್ ಹೋಗಿ ಬಂದ ಸಂಜೆ

ಒಂಬತ್ತು ದಿನ ಸರಿಯಾಗಿತ್ತು. ಹತ್ತನೇ ದಿನ ಸಂಜೆ ಅರ್ಧ ಗಂಟೆ ಕರೆಂಟ್ ಹೋಗಿ ಬಂತು. ಪ್ರಿಂಟರ್ ಮತ್ತೆ ನಾಪತ್ತೆ, ಈ ಸಲ ಮಾವನವರ ಕಂಪ್ಯೂಟರಿಗೂ. ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿದರೆ ಅದು ಸರಿಹೋಗುತ್ತಿತ್ತು, ಕಾರಣವೂ ಅಲ್ಲಿಗೇ ಹೂತುಹೋಗುತ್ತಿತ್ತು. ಫೋನಿನಲ್ಲಿ ಮಗಳಿಗೆ ಸಿಕ್ಕ ಸೂಚನೆ ಒಂದೇ: ಸ್ವಿಚ್ ಮುಟ್ಟಬೇಡ, ಮೊದಲು ನೆಟ್‌ವರ್ಕ್ ಹಾಳೆ ತೆಗಿ.

ಹಾಳೆಯಲ್ಲಿದ್ದ ವಿಳಾಸ 169.254ರಿಂದ ಶುರುವಾಗಿತ್ತು. ವಿಳಾಸ ಕೇಳಿ ಯಾರೂ ಕೊಡದಿದ್ದಾಗ ಯಂತ್ರ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ವೈಫೈ 'ಕನೆಕ್ಟೆಡ್' ಎಂದೇ ಇತ್ತು.

ಮೊದಲ ದಿನ ಮಾಡಿದ ರಿಪೇರಿಯೇ ಇದಕ್ಕೆ ಕಾರಣ. ಹಿಂದೆ ವೈಫೈ ಹರಡುವುದೂ ವಿಳಾಸ ಹಂಚುವುದೂ ಹಳೇ ರೂಟರೇ ಆಗಿತ್ತು. ಅದು ಎದ್ದಿತೆಂದರೆ ಎರಡೂ ಎದ್ದಂತೆ. ಈಗ ವೈಫೈ ಮೇಲಿನದು, ವಿಳಾಸ ಕೆಳಗಿನದು. ಕರೆಂಟ್ ಬಂದಾಗ ಹಳೇ ರೂಟರ್ ಒಂದು ನಿಮಿಷದಲ್ಲಿ ಸಿದ್ಧ. ಫೈಬರ್ ಮೋಡೆಮ್‌ಗೆ ಮೂರು ನಿಮಿಷ ಬೇಕು. ಪ್ರಿಂಟರ್ ಆ ನಡುವಿನ ಎರಡು ನಿಮಿಷದಲ್ಲಿ ವೈಫೈ ಸೇರಿ, ವಿಳಾಸ ಕೇಳಿ, ಉತ್ತರ ಬಾರದೆ 169.254 ಇಟ್ಟುಕೊಂಡು ಸುಮ್ಮನಾಗಿತ್ತು. ಕೆಲವು ಪ್ರಿಂಟರುಗಳು ಮತ್ತೆ ಮತ್ತೆ ಕೇಳುತ್ತವೆ. ಇದು ಕೇಳುವ ಜಾತಿಯದಲ್ಲ.

ಮೋಡೆಮ್‌ನಲ್ಲಿ ವಿಳಾಸ ಕಾಯ್ದಿರಿಸಿದ್ದು ಇಲ್ಲಿ ಕೆಲಸಕ್ಕೆ ಬರಲಿಲ್ಲ, ಕಾಯ್ದಿರಿಸಿದವನೇ ಎದ್ದಿರಲಿಲ್ಲವಲ್ಲ. ಆದ್ದರಿಂದ ಪ್ರಿಂಟರಿನ ಮೆನುವಿನಲ್ಲೇ ಐಪಿಯನ್ನು 'ಸ್ಟ್ಯಾಟಿಕ್', ಅಂದರೆ ಯಾರನ್ನೂ ಕೇಳದೆ ಇಟ್ಟುಕೊಳ್ಳುವ ಕಾಯಂ ವಿಳಾಸ, ಮಾಡಿ 192.168.1.50, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.1.1 ಎಂದು ಬರೆಯಲಾಯಿತು. ಮೋಡೆಮ್‌ನ ಕಾಯ್ದಿರಿಸುವಿಕೆಯನ್ನೂ ಹಾಗೇ ಬಿಟ್ಟರು; ಅದಿಲ್ಲದಿದ್ದರೆ ಮೋಡೆಮ್ 50ನ್ನು ಯಾವುದೋ ಫೋನಿಗೆ ಕೊಟ್ಟು ಒಂದೇ ವಿಳಾಸಕ್ಕೆ ಇಬ್ಬರು ಹಕ್ಕುದಾರರಾಗುತ್ತಿದ್ದರು. ಪರೀಕ್ಷೆಗೆ ಮೇನ್ ಸ್ವಿಚ್ ಇಳಿಸಿ ಏರಿಸಿದರು, ಮೂರು ಸಲ. ಮೂರು ಸಲವೂ ಪ್ರಿಂಟರ್ ಸಿಕ್ಕಿತು.

ಮನೆಯವರು ಮುಂದಿನ ವಾರ ಮೋಡೆಮ್‌ಗೊಂದು 12 ವೋಲ್ಟಿನ ಚಿಕ್ಕ ಯುಪಿಎಸ್ ತಂದರು. ಕೊಳ್ಳುವಾಗ ಮೋಡೆಮ್‌ನ ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ಎರಡನ್ನೂ ತಾಳೆ ನೋಡಬೇಕು. ಪ್ರಿಂಟರನ್ನೂ ಇನ್ವರ್ಟರ್‌ಗೆ ಹಾಕಬಹುದೇ ಎಂದು ಕೇಳಿದಾಗ ಬೇಡವೆನ್ನಲಾಯಿತು. ಲೇಸರ್ ಪ್ರಿಂಟರಿನ ಹೀಟರ್ ಬಿಸಿಯಾಗುವಾಗ ನೂರಾರು ವ್ಯಾಟ್ ಎಳೆಯುತ್ತದೆ, ದೀಪ ಫ್ಯಾನಿಗೆಂದು ಇಟ್ಟ ಇನ್ವರ್ಟರ್‌ಗೆ ಆ ಹೊರೆ ಸಲ್ಲದು.

ಸ್ಟ್ಯಾಟಿಕ್ ವಿಳಾಸಕ್ಕೂ ಒಂದು ಕೊರತೆ ಉಂಟು. ನಾಳೆ ಈ ಮೋಡೆಮ್ ಹೋಗಿ ಬೇರೆ ಬಂದು, ಅದರ ವಿಳಾಸ 192.168.1ರ ಬದಲು ಬೇರೆ ಸಾಲಿನಲ್ಲಿದ್ದರೆ, ಪ್ರಿಂಟರ್ ಹಳೇ ಸಾಲಿನಲ್ಲೇ ಕೂತಿರುತ್ತದೆ, ಹಳೇ ರೂಟರ್‌ನ 2 ಕೂಡ. ಅದಕ್ಕೆಂದು ಒಂದು ಚೀಟಿಯಲ್ಲಿ ಪ್ರಿಂಟರಿನ 50, ಮೇಲಿನ ರೂಟರ್‌ನ 2, ಕೆಳಗಿನ ಮೋಡೆಮ್‌ನ 1, ಮೂರರ ಪೂರ್ತಿ ವಿಳಾಸವನ್ನು ತಾರೀಕಿನ ಸಮೇತ ಬರೆದು ಪ್ರಿಂಟರಿನ ಟೋನರ್ ಮುಚ್ಚಳದ ಒಳಬದಿಗೆ ಅಂಟಿಸಿದ್ದಾರೆ. ಮಾವನವರ ಅಕ್ಷರ, ದೊಡ್ಡದಾಗಿ. ಕೆಳಗೊಂದು ಸಾಲು ಅವರೇ ಸೇರಿಸಿದ್ದು: 'ಟೇಪ್ ಹಾಕಿದ ತೂತಿಗೆ ಏನೂ ಚುಚ್ಚಬೇಡಿ.'